ತುರುಗೋಳಿನ ಕಲ್ಲು ಮತ್ತು ನಮ್ಮೂರ ರಾತ್ರಿ ಕಾವಲು



ಈ ಸಲದ ಬರಹ ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ. ಮೆಕ್ಕೆಜೋಳ ಮುರಿದು ಮನೆ ಸೇರಿತು. ಅಡಿಕೆ ಎರಡನೇ ಕೊಯ್ಲು ಬೇಯಿಸಿ ಅಂಗಳದಲ್ಲಿ ಹರವಿದ್ದೇವೆ. ಅಡಿಕೆ ಅಂಗಳದಲ್ಲಿದೆ ಅಂದ್ರೆ ಮನೆಯವರಿಗೆ ನಿದ್ದೆ ಇಲ್ಲ ಅಂತಾನೇ ಲೆಕ್ಕ. ಬೆಲೆ ಬಾಳೋ ಮಾಲು, ಒಂದು ಚೀಲ ಹೊತ್ಕೊಂಡು ಹೋದ್ರೆ ಒಂದು ಆಳಿನ ಎರಡು ತಿಂಗಳ ಸಂಬಳ ಹೋದ ಹಾಗೆ. ದೀಪಾವಳಿಯಿಂದ ಈಚೆಗೆ ನಮ್ಮ ಸುತ್ತಿನಲ್ಲಿ ಮೂರು ಮನೆ ಅಡಿಕೆ ಹೋಗಿದೆ, ಎರಡು ಬೋರ್‌ವೆಲ್ ಕೇಬಲ್ ಕೊಯ್ದಿದ್ದಾರೆ. ಅದಕ್ಕೇ ಈಗ ಊರಲ್ಲಿ ರಾತ್ರಿ ಕಾವಲು ಸರದಿ ಶುರುವಾಗಿದೆ. ಒಂದು ರಾತ್ರಿಗೆ ನಾಲ್ಕು ಮನೆ.

ಮೊನ್ನೆ ನನ್ನ ಸರದಿ. ನಮ್ಮ ಗದ್ದೆ ಬದುವಿನಲ್ಲಿ ಒಂದು ಹಳೇ ವೀರಗಲ್ಲು ಇದೆ, ನೋಡಿದವರಿಗೆ ಗೊತ್ತು. ಅದರ ಪಕ್ಕದಲ್ಲೇ ಬೆಂಕಿ ಹಾಕ್ಕೊಂಡು ಕೂತಿದ್ವಿ. ಜೊತೆಗಿದ್ದ ಹುಡುಗ ಒಬ್ಬ ಟಾರ್ಚ್ ಬಿಟ್ಟು ಕಲ್ಲನ್ನ ನೋಡ್ತಾ, "ದೊಡ್ಡಪ್ಪ, ಇವನ ಹಾಗೆ ಇರ್ಬೇಕು. ಊರಿಗೆ ಕಳ್ಳ ಬಂದ್ರೆ ಅಲ್ಲೇ ಕಡಿದು ಹಾಕೋದು, ಆಮೇಲೆ ಮಾತು" ಅಂದ. ನಾನು ಏನೂ ಹೇಳಲಿಲ್ಲ. ಹೇಳೋಕೆ ಬಾಯಿ ಬರಲಿಲ್ಲ. ಯಾಕೆ ಅಂತ ಮುಂದೆ ಬರೀತೀನಿ. ಮೊದಲು ಆ ಕಲ್ಲಿನ ಕತೆ.

ನಮ್ಮ ಅಜ್ಜ ಅದಕ್ಕೆ ಬೀರಗಲ್ಲು ಅಂತಿದ್ದ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಕಾಯಿ ಒಡೀತಿದ್ದ. ಯಾರದು, ಯಾಕೆ ಅಂತ ಕೇಳಿದ್ರೆ "ಊರು ಕಾದವನು" ಅಂತ ಅಷ್ಟೇ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಶಾಸನ ಓದೋಕೆ ಬರಲ್ಲ. ಆದ್ರೆ ಹತ್ತು ವರ್ಷದ ಹಿಂದೆ ನಿವೃತ್ತ ಮೇಷ್ಟ್ರು ಒಬ್ಬರು ಬಂದು ಸುಣ್ಣದ ಪುಡಿ ಸವರಿ ನೋಡಿ, ಅಕ್ಷರ ಬಹಳ ಸವೆದಿದೆ, "ತುಱು" ಅಂತ ಒಂದು ಕಡೆ, "ಕಾದಿ" ಅಂತ ಒಂದು ಕಡೆ ಕಾಣ್ತಿದೆ ಅಂದ್ರು. ತುರು ಅಂದ್ರೆ ದನ. ಕಾದಿ ಅಂದ್ರೆ ಹೋರಾಡಿ. ಅಲ್ಲಿಂದ ನನಗೆ ಇದರ ಹುಚ್ಚು ಹಿಡೀತು. ತಾಲ್ಲೂಕು ಗ್ರಂಥಾಲಯದಲ್ಲಿ ಸಿಕ್ಕಿದ್ದು, ಅವರಿವರಿಂದ ಇಸ್ಕೊಂಡಿದ್ದು, ಎಲ್ಲ ಓದಿದೆ.

ನಮ್ಮ ಶಿವಮೊಗ್ಗ ಜಿಲ್ಲೆ, ಅದರಲ್ಲೂ ಸೊರಬ, ಶಿಕಾರಿಪುರದ ಕಡೆ, ವೀರಗಲ್ಲಿಗೆ ಬಹಳ ಹೆಸರಾದ ಸೀಮೆ. ಮೈಸೂರಿನ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಸಾಹೇಬರು ಊರೂರಿನ ಶಾಸನ ನಕಲು ಮಾಡಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ದೊಡ್ಡ ದೊಡ್ಡ ಪುಸ್ತಕ ತಂದರಲ್ಲ, ಅದರಲ್ಲಿ ನಮ್ಮ ಜಿಲ್ಲೆಯದೇ ಎರಡು ಸಂಪುಟ. 1902ರಲ್ಲಿ ಒಂದು, 1904ರಲ್ಲಿ ಇನ್ನೊಂದು. ಅದರ ಪುಟ ತಿರುಗಿಸ್ತಾ ಹೋದ್ರೆ ದೇವಸ್ಥಾನಕ್ಕೆ ಭೂಮಿ ಬಿಟ್ಟದ್ದು ಎಷ್ಟೋ, ದನಕ್ಕಾಗಿ ಸತ್ತವರ ಕಲ್ಲೂ ಅಷ್ಟೇ ಸಿಗ್ತವೆ.

ವೀರಗಲ್ಲನ್ನ ಕೆಳಗಿಂದ ಮೇಲಕ್ಕೆ ಓದಬೇಕು. ನಾವು ಮೇಲಿಂದ ನೋಡ್ತೀವಿ, ಅದಕ್ಕೇ ಅರ್ಥ ಆಗಲ್ಲ. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತೆ. ಕೆಳಗಿನ ಪಟ್ಟೀಲಿ ಕಾಳಗ. ಕತ್ತಿ, ಗುರಾಣಿ, ಬಿಲ್ಲು ಹಿಡಿದವರು, ಕೆಲವು ಕಡೆ ಪಕ್ಕದಲ್ಲೇ ದನದ ಹಿಂಡು. ನಡುವೆ ಸತ್ತ ವೀರನನ್ನ ಅಪ್ಸರೆಯರು ಎರಡೂ ಕಡೆ ಹಿಡ್ಕೊಂಡು ಸ್ವರ್ಗಕ್ಕೆ ಕರ್ಕೊಂಡು ಹೋಗ್ತಿರೋದು. ಮೇಲೆ ಶಿವಲಿಂಗ, ಪೂಜಾರಿ, ಪಕ್ಕದಲ್ಲಿ ವೀರ ಕೂತಿರೋದು. ತುದೀಲಿ ಸೂರ್ಯ ಚಂದ್ರ, ಅವು ಇರೋ ತನಕ ಇವನ ಹೆಸರು ಇರಲಿ ಅಂತ. ಕೊನೆಯಲ್ಲಿ ಶಾಪ ಬರೆದಿದ್ದರೆ, ಇದನ್ನ ಹಾಳು ಮಾಡಿದವರಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನ ಕೊಂದ ಪಾಪ ಬರಲಿ ಅಂತ ಇರುತ್ತೆ. ಅಲ್ಲೂ ದನವೇ ಬಂತು ನೋಡಿ.

ಯಾತಕ್ಕೆ ಸತ್ತರು ಅಂತ ಶಾಸನಗಳು ಕೆಲವು ಖಾಯಂ ಮಾತಿನಲ್ಲಿ ಹೇಳ್ತವೆ. ತುರುಗೊಳ್ ಅಂದ್ರೆ ದನ ಹೊಡ್ಕೊಂಡು ಹೋಗೋದು. ಊರಳಿವು ಅಂದ್ರೆ ಊರಿಗೆ ಊರೇ ಹಾಳು ಮಾಡೋದು. ಪೆಣ್ಬುಯ್ಯಲ್ ಅಂದ್ರೆ ಹೆಣ್ಣುಮಕ್ಕಳ ಮೊರೆ, ಅಂದ್ರೆ ಹೆಂಗಸರ ಮೈಮೇಲೆ ಕೈ ಹಾಕೋಕೆ ಬಂದಾಗ ಎದ್ದ ಕೂಗು. ಇನ್ನು ಗಡಿ ಜಗಳ. ಒಂದು ಊರಿಗೆ ಬರಬಹುದಾದ ಕಷ್ಟ ಎಲ್ಲ ಈ ನಾಲ್ಕರಲ್ಲೇ ಬಂತು. ಸಾವಿರ ವರ್ಷದ ಹಿಂದಿನ ಮನುಷ್ಯನೂ ಕಾಯ್ತಿದ್ದದ್ದು ನಮ್ಮದನ್ನೇ: ಹಟ್ಟಿ, ಮನೆ, ಮನೆಯ ಹೆಣ್ಣುಮಕ್ಕಳು, ಹೊಲದ ಬದು.

ದನ ಯಾಕೆ ಅಷ್ಟು ದೊಡ್ಡದು ಅಂತ ಟ್ರ್ಯಾಕ್ಟರ್ ಕಾಲದ ಹುಡುಗರಿಗೆ ಹೇಳಬೇಕು. ಆಗ ಎತ್ತಿಲ್ಲ ಅಂದ್ರೆ ಉಳುಮೆ ಇಲ್ಲ, ಗೊಬ್ಬರ ಇಲ್ಲ, ಗಾಡಿ ಇಲ್ಲ, ಹಾಲಿಲ್ಲ. ಬ್ಯಾಂಕು ಇಲ್ಲದ ಕಾಲದಲ್ಲಿ ಕಾಲಿನ ಮೇಲೆ ನಡೆಯೋ ಆಸ್ತಿ ಅದೊಂದೇ. ಭತ್ತ ಹೊತ್ತುಕೊಂಡು ಹೋಗೋದು ಕಷ್ಟ, ದನ ತಾನೇ ನಡ್ಕೊಂಡು ಹೋಗುತ್ತೆ. ಹಟ್ಟಿ ಖಾಲಿ ಮಾಡಿದ್ರೆ ಆ ಊರು ಮುಂದಿನ ಮಳೆಗಾಲಕ್ಕೆ ಬಿತ್ತೋ ಹಾಗಿಲ್ಲ. ಹಾಗಾಗಿ ಅರಸರ ಜಗಳವೂ ಎಷ್ಟೋ ಸಲ ದನ ಹೊಡೆಯೋದ್ರಿಂದಲೇ ಶುರು. ಮಹಾಭಾರತದ ವಿರಾಟಪರ್ವ ಇನ್ನೇನು? ಮಳೆ ಬರದೇ ಇದ್ದಾಗ ನಮ್ಮ ಹಿರಿಯರು ಓದಿಸ್ತಿದ್ದ ಪರ್ವ ಅದು. ಕೌರವರು ವಿರಾಟರಾಜನ ದನ ಹೊಡ್ಕೊಂಡು ಹೋದದ್ದು, ಪಾಂಡವರು ಬಿಡಿಸಿಕೊಂಡು ಬಂದದ್ದು. ಉತ್ತರನ ಪೌರುಷ ಒಲೆ ಮುಂದೆ ಅನ್ನೋ ಗಾದೆ ಹುಟ್ಟಿದ್ದೂ ಅಲ್ಲೇ. ಈಗಿನ ವಾಟ್ಸಾಪ್ ಗ್ರೂಪಿನ ಪೌರುಷ ನೋಡಿದಾಗ ನನಗೆ ಆ ಗಾದೆ ನೆನಪಾಗುತ್ತೆ.

ಕಲ್ಲಿನಲ್ಲಿರೋರು ಯಾರು? ಅರಸರಲ್ಲ. ಗಾವುಂಡನ ಮಗ, ಬೇಡ, ದನ ಕಾಯೋನು, ಆಳುಮಗ. ನಮ್ಮ ನಿಮ್ಮಂಥವರು. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡೋ ಪದ್ಧತಿ ಇತ್ತು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು, ನೆತ್ತರಿಗೆ ಕೊಟ್ಟ ಭೂಮಿ. ಕಲ್ನಾಡು ಅಂತಲೂ, ಬಾಳ್ಗಳ್ಚು ಅಂತಲೂ ಕರೀತಿದ್ರು. ಬಾಳ್ಗಳ್ಚು ಅಂದ್ರೆ ಕತ್ತಿ ತೊಳೆಯೋದು. ಕನ್ನಡದ ಮೊದಲ ಶಾಸನ ಅಂತ ಓದಿದ್ದೀವಲ್ಲ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದ್ದು, ಅದರಲ್ಲಿ ವಿಜ ಅರಸನಿಗೆ ಎರಡು ಊರು ಕೊಟ್ಟದ್ದೂ ಈ ಬಾಳ್ಗಳ್ಚು ಅಂತಲೇ. ಊರಿಗಾಗಿ ಸತ್ತವನ ಹೆಂಡತಿ ಮಕ್ಕಳನ್ನ ಊರು ನೋಡ್ಕೋಬೇಕು ಅನ್ನೋ ಲೆಕ್ಕ. ಇದು ನನಗೆ ಬಹಳ ಹಿಡಿಸಿದ ವಿಷಯ. ಈಗ ಯಾರದೋ ಮನೆ ಹುಡುಗ ಕಾವಲಿಗೆ ಹೋಗಿ ಕಾಲು ಮುರ್ಕೊಂಡ್ರೆ ಆಸ್ಪತ್ರೆ ಬಿಲ್ಲು ಯಾರು ಕೊಡ್ತಾರೆ? ಆ ಪ್ರಶ್ನೆ ನಮ್ಮೂರಲ್ಲಿ ಇನ್ನೂ ಯಾರೂ ಎತ್ತಿಲ್ಲ.

ಮನುಷ್ಯರಿಗೇ ಅಲ್ಲ, ನಾಯಿಗೂ ಕಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನ, ಕ್ರಿ.ಶ. 949-50ರದ್ದು. ಗಂಗ ಬೂತುಗನ ಕಡೆಯ ಮಣಲೆರ ಅನ್ನೋ ವೀರ, ತಕ್ಕೋಲಂ ಯುದ್ಧದಲ್ಲಿ ಗೆದ್ದ ಮೇಲೆ ಏನು ಬೇಕು ಅಂತ ಕೇಳಿದ್ರೆ ಕಾಳಿ ಅನ್ನೋ ನಾಯಿ ಬೇಕು ಅಂದನಂತೆ. ಆ ನಾಯಿ ದೊಡ್ಡ ಹಂದಿ ಜೊತೆ ಕಾದಾಡಿ ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಹಂದಿ ಕಾಟ ಗೊತ್ತಿರೋ ನಮಗೆ ಆ ನಾಯಿ ಬೆಲೆ ಗೊತ್ತಾಗುತ್ತೆ.

ಈಗ ಒಂದು ಮಾತು, ನಮ್ಮ ಹುಡುಗರು ಗಮನಿಸಬೇಕಾದ್ದು. ತುರುಗೋಳಿನ ಶಾಸನಗಳಲ್ಲಿ ಹಲವರನ್ನ ಕೊಂದ ಅಂತ ಬರುತ್ತೆ, ಇಲ್ಲ ಅನ್ನಲ್ಲ, ಸುಳ್ಳು ಹೇಳಬಾರದು. ಆದ್ರೆ ಮತ್ತೆ ಮತ್ತೆ ಬರೋ ಮಾತು "ತುರುವಂ ಮಗುಳ್ಚಿ" ಅಂತ. ದನ ವಾಪಸ್ ತಿರುಗಿಸಿ ಅಂತ ಅರ್ಥ. ದನ ತಿರುಗಿಸಿ ಊರಿಗೆ ತಂದು ಸತ್ತ. ಅವನು ಬೆನ್ನಟ್ಟಿ ಹೋದದ್ದು ಹಟ್ಟಿಯ ದನಕ್ಕಾಗಿ. ಎದುರಿಗಿದ್ದವರ ಕೈಯಲ್ಲೂ ಕತ್ತಿ ಇತ್ತು. ಕೈ ಕಟ್ಟಿ ಹಾಕಿದ ಮನುಷ್ಯನನ್ನ ಹತ್ತು ಜನ ಸೇರಿ ಹೊಡೆದದ್ದಕ್ಕೆ ನಿಲ್ಲಿಸಿದ ಕಲ್ಲು ನಾನು ಒಂದೂ ನೋಡಿಲ್ಲ.

ಇನ್ನೊಂದು ವಿಷಯ. ಒಡೆಯನ ಮಾತಿಗೆ ಬೇರೆ ಊರಿನ ಮೇಲೆ ಹೋಗಿ ಸತ್ತವರಿಗೂ ಕಲ್ಲಿದೆ. ಆ ಊರಿಗೆ ಅವನು ಕಳ್ಳ, ಈ ಊರಿಗೆ ವೀರ. ನಮ್ಮ ಸೀಮೆಯಲ್ಲೇ ಇದಕ್ಕೆ ಹತ್ತಿರದ ಉದಾಹರಣೆ ಧೋಂಡಿಯಾ ವಾಘ್. ಹುಟ್ಟಿದ್ದು ಚನ್ನಗಿರಿಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ತಪ್ಪಿಸಿಕೊಂಡು ಬಂದು, ದಂಡು ಕಟ್ಟಿ, ಬಿದನೂರು, ಶಿಕಾರಿಪುರದ ಕಡೆಯೆಲ್ಲ ಕೋಟೆ ಹಿಡಿದ. ತನ್ನನ್ನ ಉಭಯ ಲೋಕಾಧೀಶ್ವರ ಅಂತ ಕರ್ಕೊಂಡ. ಇಂಗ್ಲಿಷಿನವರು ಅವನನ್ನ ದರೋಡೆಕೋರ ಅಂತ ಬರೆದ್ರು, ಈಗಿನವರು ಸ್ವಾತಂತ್ರ್ಯ ವೀರ ಅಂತ ಬರೀತಾರೆ. ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಬೆನ್ನಟ್ಟಿ 1800ರ ಸೆಪ್ಟೆಂಬರ್‌ನಲ್ಲಿ ರಾಯಚೂರು ಸೀಮೆಯ ಕೋಣಗಲ್ ಹತ್ತಿರ ಅವನನ್ನ ಮುಗಿಸಿದ. ಆದ್ರೆ ಆಮೇಲೆ ಸಾಮಾನಿನ ಮಧ್ಯೆ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಆ ಮಗೂನ ತನ್ನ ಬಿಡಾರಕ್ಕೆ ಕರ್ಕೊಂಡು ಹೋಗಿ ಸಾಕಿದ, ಇಂಡಿಯಾ ಬಿಟ್ಟು ಹೋಗುವಾಗ ಅವನ ಖರ್ಚಿಗೆ ಅಂತ ಹಣ ಇಟ್ಟು ಹೋದ. ಇಂಗ್ಲಿಷಿನವರು ನಮಗೆ ಮಾಡಿದ್ದು ಏನೇ ಇರಲಿ, ಈ ಒಂದು ಸಂಗತಿ ನನ್ನ ತಲೇಲಿ ಕೂತಿದೆ. ಶತ್ರುವಿನ ಮಗು ಶತ್ರು ಅಲ್ಲ.

ಒಬ್ಬೊಬ್ಬರೇ ವೀರರಿಂದ ಊರು ಉಳೀತು ಅಂತಲ್ಲ. ಊರಿಗೆ ಊರೇ ಒಂದು ಏರ್ಪಾಡು ಮಾಡ್ಕೊಂಡಿತ್ತು. ಹಳೇ ಊರುಗಳನ್ನ ಗಮನಿಸಿ ನೋಡಿ. ಮನೆಗಳು ಒಂದಕ್ಕೊಂದು ಗೋಡೆ ತಾಗಿ ಇರ್ತವೆ, ಒಳಗೆ ಹೋಗೋಕೆ ಅಗಸೆ ಬಾಗಿಲು. ಉತ್ತರ ಕರ್ನಾಟಕದ ಕಡೆ ಹೋದ್ರೆ ಊರ ನಡುವೆ ದುಂಡಗೆ ಎತ್ತರದ ಹುಡೇವು ಕಾಣ್ತವೆ, ಮೇಲೆ ನಿಂತು ದೂರ ನೋಡೋಕೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರು, ಹಳ್ಳಿಗಳಿಗೂ ಮಣ್ಣಿನ ಕೋಟೆ, ಮುಳ್ಳಿನ ಬೇಲಿ ಇದ್ದದ್ದನ್ನ ಬರೆದಿದ್ದಾನೆ. ಹೈದರ್, ಮರಾಠರ ದಂಡು ಹಿಂದೆ ಮುಂದೆ ಓಡಾಡಿ ಹೋಗಿದ್ದ ಸೀಮೆ ಅದು. ಬಯಲುಸೀಮೆಯವರು ರಾಗಿ ಜೋಳವನ್ನ ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಮೇಲೆ ಮಣ್ಣು ಹರವಿಬಿಡ್ತಿದ್ರು. ಗೊತ್ತಿದ್ದವರಿಗೆ ಬಿಟ್ರೆ ಬೇರೆಯವರಿಗೆ ಕಾಣಲ್ಲ, ವರ್ಷಗಟ್ಟಲೆ ಕೆಡಲ್ಲ. ಕತ್ತಿ ಹಿಡಿಯದೆ ಮಾಡಿದ ರಕ್ಷಣೆ ಅಂದ್ರೆ ಅದು.

ಕಾವಲಿಗೆ ಅಂತಲೇ ಜನ ಇದ್ರು. ಹನ್ನೆರಡು ಆಯಗಾರರಲ್ಲಿ ತಳವಾರ, ತೋಟಿ. 1812ರಲ್ಲಿ ಇಂಗ್ಲಿಷ್ ಪಾರ್ಲಿಮೆಂಟಿಗೆ ಹೋದ ಐದನೇ ವರದಿ ಅಂತ ಒಂದಿದೆ, ಅದರಲ್ಲಿ ಇವರಿಬ್ಬರ ಕೆಲಸ ವಿಂಗಡಿಸಿ ಬರೆದಿದೆ. ತಳವಾರ ಅಪರಾಧದ ಸುದ್ದಿ ತಿಳ್ಕೋಬೇಕು, ಮತ್ತೆ ಒಂದು ಊರಿಂದ ಇನ್ನೊಂದು ಊರಿಗೆ ಹೋಗೋ ದಾರಿಹೋಕರನ್ನ ಜೋಪಾನವಾಗಿ ಮುಟ್ಟಿಸಬೇಕು. ತೋಟಿ ಊರೊಳಗಿನ ಕೆಲಸ, ಬೆಳೆ ಕಾಯೋದು, ಬೆಳೆ ಅಳೆಯೋಕೆ ನೆರವಾಗೋದು. ಈ ತಳವಾರನ ಕೆಲಸ ಇನ್ನೊಂದು ಸಲ ಓದಿ. ಕಳ್ಳನನ್ನ ಹುಡುಕೋನೂ ಅವನೇ, ಪರಊರಿನ ದಾರಿಹೋಕನನ್ನ ಕಾಪಾಡೋನೂ ಅವನೇ. ನಮ್ಮ ಹಿರಿಯರಿಗೆ ಅವೆರಡೂ ಒಂದೇ ಕೆಲಸ. ಪರಸ್ಥಳದವನು ಅಂದ ತಕ್ಷಣ ಕಳ್ಳ ಅಂತ ಅವರು ಲೆಕ್ಕ ಹಾಕಿರಲಿಲ್ಲ. ನಮ್ಮ ಕೆಳದಿ ಚೆನ್ನಮ್ಮಾಜಿ 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗ್ತಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದು ಶಾಲೇಲಿ ಓದಿದ್ದೀವಿ. ಔರಂಗಜೇಬನ ದಂಡು ಮೈಮೇಲೆ ಬಂತು, ಎದುರಿಸಿದಳು. ಬಾಗಿಲಿಗೆ ಬಂದವನು ಯಾರು ಅಂತ ಮೊದಲು ತಿಳ್ಕೊಂಡಳು, ಆಮೇಲೆ ಯಾರಿಗೆ ಬಾಗಿಲು ತೆಗೀಬೇಕು, ಯಾರಿಗೆ ಹಾಕಬೇಕು ಅಂತ ತೀರ್ಮಾನ ಮಾಡಿದಳು.

ತಳವಾರ ತೋಟಿ ಪದ್ಧತಿ ಚೆನ್ನಾಗಿತ್ತು ಅಂತ ನಾನು ಹಾಡಿ ಹೊಗಳ್ತಿಲ್ಲ. ಅದು ಜಾತಿಗೆ ಅಂಟಿದ ಕೆಲಸ, ಬಿಟ್ಟಿ ಬೇಗಾರಿ ಬಹಳ ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು 1963ರಿಂದ ಜಾರಿಯಾಗಿ ಆ ವಂಶಪಾರಂಪರ್ಯ ಹೋಯ್ತು, ಒಳ್ಳೇದೇ ಆಯ್ತು. ಆದ್ರೆ ಆ ಜಾಗಕ್ಕೆ ಊರು ಇನ್ನೊಂದು ಏರ್ಪಾಡು ಮಾಡ್ಕೊಳ್ಳಲಿಲ್ಲ. ಈಗ ಕಳ್ಳತನ ಆದ ವಾರ ಕಾವಲು, ಆಮೇಲೆ ಮರೆತುಬಿಡೋದು.

ಆಯುಧದ ವಿಷಯಾನೂ ಹೇಳಿಬಿಡ್ತೀನಿ, ಯಾಕಂದ್ರೆ ಕೋವಿ ಲೈಸೆನ್ಸ್ ಕೇಳೋರು ಬಹಳ ಜನ. 1857ರಲ್ಲಿ ಇಂಗ್ಲಿಷಿನವರು ಎಲ್ಲರೂ ಆಯುಧ ಒಪ್ಪಿಸಿ ಅಂತ ಕಾಯ್ದೆ ತಂದ್ರು. ಮುಧೋಳದ ಹತ್ತಿರದ ಹಲಗಲಿ ಬೇಡರಿಗೆ ಆಯುಧವೇ ಬದುಕು, ಕೊಡಲ್ಲ ಅಂದ್ರು. ದಂಡು ಬಂದು ಊರಿಗೆ ಬೆಂಕಿ ಇಟ್ಟಿತು, ಆಮೇಲೆ 19 ಜನರನ್ನ ಗಲ್ಲಿಗೆ ಹಾಕಿದ್ರು. ಲಾವಣಿಯವರು ಹಾಡಿದ್ದರಿಂದ ಆ ಊರಿನ ಹೆಸರು ಉಳೀತು. ಅದೇ ಕೊಡಗಿನವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು. ಈಗಲೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್ ಬೇಕಿಲ್ಲ, ಆ ವಿನಾಯಿತಿಯನ್ನ 2029ರ ತನಕ ಮುಂದುವರಿಸಿದ್ದಾರೆ. ಅವರು ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡ್ತಾರೆ. ಉಳಿದ ನಮಗೆಲ್ಲ 1959ರ ಆಯುಧ ಕಾಯ್ದೆ. ಲೈಸೆನ್ಸ್ ಇದ್ರೂ ಚುನಾವಣೆ ಬಂದಾಗ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತೆ.

ಆಯುಧ ಇಲ್ಲದವರು ಏನು ಮಾಡ್ತಾರೆ ಅಂದ್ರೆ ಒನಕೆ ಓಬವ್ವನ ಕತೆ ಇದೆಯಲ್ಲ. ಮದಕರಿನಾಯಕನ ಕಾಲ, ಹೈದರನ ದಂಡು ಚಿತ್ರದುರ್ಗಕ್ಕೆ ಮುತ್ತಿಗೆ ಹಾಕಿತ್ತು. ಕಹಳೆ ಊದೋ ಗಂಡ ಊಟಕ್ಕೆ ಬಂದಿದ್ದ, ನೀರಿಗೆ ಅಂತ ಹೋದ ಓಬವ್ವ ಕಿಂಡಿಯಲ್ಲಿ ಸೈನಿಕರು ನುಸೀತಿರೋದು ಕಂಡು ಒನಕೆ ತಂದಳು. ದುರ್ಗ ಕೊನೆಗೆ 1779ರಲ್ಲಿ ಹೈದರನ ಕೈ ಸೇರಿತು, ಆದ್ರೂ ಜನ ಮರೆಯದೇ ಇದ್ದದ್ದು ಆ ಒನಕೆಯನ್ನ. ನಮ್ಮ ಹುಡುಗರು ಈ ಕತೇಲಿ ಒನಕೆ ನೋಡ್ತಾರೆ. ನಾನು ಈಗ ಮೊದಲು ನೋಡೋದು, ಅವಳು ನಿಂತು ಕಿವಿಗೊಟ್ಟು ಕೇಳಿದ್ದನ್ನ. ಬಂದವರು ಯಾರು ಅಂತ ಖಾತ್ರಿ ಮಾಡ್ಕೊಂಡೇ ಒನಕೆ ಎತ್ತಿದಳು.

ಇದನ್ನ ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಹೇಳಬಾರದು ಅಂತಿದ್ದೆ. ಆದ್ರೆ ಮೊನ್ನೆ ಆ ಹುಡುಗನ ಮಾತು ಕೇಳಿದ ಮೇಲೆ ಹೇಳಲೇಬೇಕು ಅನ್ನಿಸ್ತು.

ಹೋದ ವರ್ಷ, ಇದೇ ಅಡಿಕೆ ಕಾಲ. ರಾತ್ರಿ ಒಂದೂವರೆ ಇರಬಹುದು. ನಮ್ಮ ದನದ ಕೊಟ್ಟಿಗೆ ಹತ್ತಿರ ನಾಯಿ ಬೊಗಳ್ತು. ಕಾವಲಿನ ಹುಡುಗರು ಓಡಿದ್ರು, ಒಬ್ಬನನ್ನ ಹಿಡಿದೇ ಬಿಟ್ರು. ಕೊಟ್ಟಿಗೆ ಲೈಟಿನ ಕೆಳಗೆ ನಿಂತಿದ್ದನಂತೆ. ಕನ್ನಡ ಬರಲ್ಲ. ನಾನು ಎದ್ದು ಹೋಗೋ ಹೊತ್ತಿಗೆ ಹಲಸಿನ ಮರಕ್ಕೆ ಕಟ್ಟಿದ್ರು. ಅವನು ಒಂದೇ ಸಮ "ಬಚ್ಚಾ, ಬಚ್ಚಾ" ಅಂತಿದ್ದ. ಕೈ ಬಿಡಿಸಿಕೊಂಡು ಇಷ್ಟೆತ್ತರ ಅಂತ ತೋರಿಸೋಕೆ ನೋಡ್ತಿದ್ದ. ಆ ವಾರ ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಯಾವುದೋ ವಿಡಿಯೋ ತಿರುಗಾಡ್ತಿತ್ತು. ಯಾರೋ "ಇವನೇ ಬಾಯಿ ಬಿಡ್ತಿದಾನೆ, ಮಕ್ಕಳ ಕಳ್ಳ" ಅಂದ್ರು. ಅಷ್ಟೇ. ಏಟು ಬೀಳೋಕೆ ಶುರುವಾಯ್ತು.

ನಾನು ಬಿಡಿಸಿದೆ ಅಂತ ಬರೆದ್ರೆ ನೀವು ನಂಬ್ತೀರಿ. ಆದ್ರೆ ನಾನು ಬಿಡಿಸಲಿಲ್ಲ. ನನ್ನ ಕೈಯಲ್ಲಿ ದನ ಹೊಡೆಯೋ ಕೋಲಿತ್ತು, ನಾನೂ ಒಂದು ಏಟು ಹಾಕಿದೆ. ಹೋದ ಅಡಿಕೆ, ಹೋದ ಕೇಬಲ್ಲು, ಮೊಮ್ಮಗಳು ಒಳಗೆ ಮಲಗಿದ್ದಾಳೆ ಅನ್ನೋ ಹೆದರಿಕೆ, ಎಲ್ಲ ಆ ಕೋಲಿಗೆ ಬಂತು. ಗುಂಪಿನ ನಡುವೆ ನಿಂತಾಗ ಕೈ ನಮ್ಮದಾಗಿರಲ್ಲ ಕಣ್ರಪ್ಪ.

ಬಿಡಿಸಿದ್ದು ನಮ್ಮನೆಯವಳು. ಟಿವಿ ಧಾರಾವಾಹಿ ನೋಡಿ ನಾಲ್ಕು ಹಿಂದಿ ಮಾತು ಅವಳಿಗೆ ಗೊತ್ತು. ಸೆರಗು ಸಿಕ್ಕಿಸಿಕೊಂಡು ನಡುವೆ ಬಂದು, "ನಿಲ್ಸಿ, ಇವನು ತನ್ನ ಮಗೂಗೆ ಏನೋ ಆಗಿದೆ ಅಂತ ಹೇಳ್ತಿದಾನೆ, ಜ್ವರ ಅಂತಿದಾನೆ" ಅಂತ ಕೂಗಿದಳು. ಆಮೇಲೆ ಗೊತ್ತಾಯ್ತು. ಹಿಂದಿನ ಬಯಲಿನಲ್ಲಿ ಶುಂಠಿ ಹಾಕಿದ್ದವರ ಕ್ಯಾಂಪಿನವನು. ಉತ್ತರದ ಕಡೆಯವನು. ಮೂರು ವರ್ಷದ ಮಗೂಗೆ ಜ್ವರ ಏರಿ ಸೆಳೆತ ಬಂದಿತ್ತು. ಫೋನ್ ಚಾರ್ಜ್ ಇಲ್ಲ, ಗಾಡಿ ಇಲ್ಲ. ದೂರದಿಂದ ಕಂಡ ಒಂದೇ ಲೈಟು ನಮ್ಮ ಕೊಟ್ಟಿಗೆಯದು. ಸಹಾಯ ಕೇಳೋಕೆ ಬಂದಿದ್ದ.

ಪಿಕಪ್ ತೆಗೆದು ತಾಯಿ ಮಗು ಇಬ್ಬರನ್ನೂ, ಅವನನ್ನೂ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡಿಸಿದೆ. ಮಗು ಉಳೀತು. ಅವನ ಕಿವಿ ಹರಿದಿತ್ತು, ಒಂದು ಹಲ್ಲು ಹೋಗಿತ್ತು. ಪೊಲೀಸಿನವರು ಬಂದು ಕೇಳಿದ್ರು, ಅವನು ದೂರು ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ಅಕ್ಕಿ, ಹಾಲು ತಗೊಂಡು ಕ್ಯಾಂಪಿಗೆ ಹೋದೆ. ಅವನು ನನ್ನ ನೋಡಿ ಎದ್ದು ನಿಂತು ಹಣೆಗೆ ಕೈ ಹಚ್ಚಿ ನಮಸ್ಕಾರ ಮಾಡಿದ. ಬೈದಿದ್ರೆ ಚೆನ್ನಾಗಿತ್ತು. ಶುಂಠಿ ಕಿತ್ತ ಮೇಲೆ ಅವರು ಹೋದ್ರು. ಆ ಕೋಲನ್ನ ನಾನು ಒಲೆಗೆ ಹಾಕಿದೆ. ಆದ್ರೆ ಏಟು ಒಲೆಗೆ ಹೋಗಲ್ಲ.

ನಮ್ಮ ಪುಣ್ಯಕ್ಕೆ ಅಲ್ಲಿಗೆ ಮುಗೀತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮುಗೀಲಿಲ್ಲ. ಎರಡೂ ಕಡೆ ಮಕ್ಕಳ ಕಳ್ಳರು ಅನ್ನೋ ಸುಳ್ಳು ಸುದ್ದಿ, ಎರಡೂ ಕಡೆ ಒಂದೊಂದು ಹೆಣ. ಮುರ್ಕಿಯ ಕಡೆ ಬಂದವರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ತಪ್ಪಾಯ್ತು.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಕೂತು ಓದಿದೆ. 2024ರ ಜುಲೈ 1ರಿಂದ ಹಳೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 34ರಿಂದ 44ರ ತನಕದ ಕಲಮುಗಳು ಸ್ವಂತ ರಕ್ಷಣೆಯ ಹಕ್ಕಿನದ್ದು. ನಮ್ಮ ಜೀವ, ಬೇರೆಯವರ ಜೀವ, ಆಸ್ತಿ ಕಾಪಾಡ್ಕೊಳ್ಳೋ ಹಕ್ಕು ನಮಗಿದೆ. ರಾತ್ರಿ ಮನೆ ಒಡೆದು ನುಗ್ಗಿದ್ರೆ, ದರೋಡೆ ಆದ್ರೆ, ಮನೆಗೆ ಬೆಂಕಿ ಇಟ್ರೆ ಆ ಹಕ್ಕು ಬಹಳ ದೂರ ಹೋಗುತ್ತೆ. ಆದ್ರೆ ಎರಡು ಕಟ್ಟು ಇದೆ. ಕಾಪಾಡ್ಕೊಳ್ಳೋಕೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಜಾಸ್ತಿ ಇಲ್ಲ. ಪೊಲೀಸರನ್ನ ಕರೆಯೋಕೆ ಸಮಯ ಇದ್ರೆ ಕರೀಬೇಕು. ಕಳ್ಳತನದಲ್ಲಿ ಆ ಹಕ್ಕು ಕಳ್ಳ ಮಾಲು ಸಮೇತ ತಪ್ಪಿಸಿಕೊಳ್ಳೋ ತನಕ, ಇಲ್ಲಾ ಪೊಲೀಸರ ನೆರವು ಸಿಗೋ ತನಕ, ಇಲ್ಲಾ ಮಾಲು ವಾಪಸ್ ಸಿಗೋ ತನಕ. ಇದು ನೋಡಿ ನನಗೆ ನಗು ಬಂತು. ತುರುವಂ ಮಗುಳ್ಚಿ ಅಂತ ಶಾಸನ ಹೇಳಿದ್ದೂ ಇದನ್ನೇ ಅಲ್ವಾ? ದನ ತಿರುಗಿದ ಮೇಲೆ ಕಾಳಗ ಮುಗೀತು. ಮರಕ್ಕೆ ಕಟ್ಟಿದ ಮೇಲೆ ಹೊಡೆಯೋದು ರಕ್ಷಣೆ ಅಲ್ಲ, ಅಪರಾಧ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಊರು ಅಂಥ ಕಾರಣಕ್ಕೆ ಒಬ್ಬನನ್ನ ಕೊಂದ್ರೆ ಪ್ರತಿಯೊಬ್ಬರಿಗೂ ಜೀವಾವಧಿ ಇಲ್ಲಾ ಮರಣದಂಡನೆ ಅಂತ 103ನೇ ಕಲಮಿನಲ್ಲಿ ಹೊಸದಾಗಿ ಸೇರಿಸಿದ್ದಾರೆ. ಒಂದು ಏಟು ಹಾಕಿದವನೂ ಅದರಲ್ಲಿ ಸಿಕ್ಕಿಹಾಕ್ಕೋಬಹುದು. ಇನ್ನು ಬೇಲಿಗೆ ಕರೆಂಟ್ ಕೊಡೋರಿಗೆ ಕೈ ಮುಗಿದು ಹೇಳ್ತೀನಿ, ಬೇಡ. ಅದಕ್ಕೆ ಕಣ್ಣಿಲ್ಲ. ಕಳ್ಳನಿಗಿಂತ ಮೊದಲು ಸಾಯೋದು ಬೆಳಗಿನ ಜಾವ ನೀರು ಬಿಡೋಕೆ ಹೋದ ಪಕ್ಕದ ಮನೆಯವನು.

ಈ ವರ್ಷ ಕಾವಲು ಶುರುವಾದಾಗ ನಾಲ್ಕು ಹಿರಿಯರನ್ನ ಕೂರಿಸಿಕೊಂಡು ಕೆಲವು ಕಟ್ಟು ಮಾಡ್ಕೊಂಡ್ವಿ. ಬೇಕಾದ್ರೆ ನಿಮ್ಮೂರಿಗೂ ತಗೊಳ್ಳಿ.

ಸರದಿ ಬರೆದು ಹಾಲಿನ ಡೈರಿ ಗೋಡೆಗೆ ಅಂಟಿಸಿದ್ದೀವಿ. ಪ್ರತಿ ಸರದಿಯಲ್ಲಿ ನಲವತ್ತು ದಾಟಿದವರು ಒಬ್ಬರಾದ್ರೂ ಇರಬೇಕು, ಕುಡಿದು ಬಂದವನಿಗೆ ಕಾವಲಿಲ್ಲ. ಕೈಯಲ್ಲಿ ಟಾರ್ಚು, ಸೀಟಿ, ಫೋನು. ಕತ್ತಿ ಮನೆಯಲ್ಲಿರಲಿ. ಯಾರಾದ್ರೂ ಸಿಕ್ಕಿದ್ರೆ ಮೊದಲು ಬೆಳಕಿಗೆ ಕರ್ಕೊಂಡು ಬಂದು ಕೂರಿಸಿ ನೀರು ಕೊಡೋದು, 112ಕ್ಕೆ ಫೋನು. ಭಾಷೆ ಬರದಿದ್ರೆ ಬರೋರನ್ನ ಫೋನಿನಲ್ಲಿ ಹಿಡಿಯೋದು. ಹೊಸದಾಗಿ ಬಂದ ಗಾಡಿಗಳ ನಂಬರ್ ಬರ್ಕೊಳ್ಳೋದು. ಅಡಿಕೆ ಒಣಗಿದ ತಕ್ಷಣ ಚೀಲ ಮಾಡಿ ಒಳಗೆ ಹಾಕೋದು, ಅಂಗಳದಲ್ಲಿ ಲೈಟು.

ಕೊನೆಯದು ಮುಖ್ಯ. ಶುಂಠಿ ಹಾಕೋರು, ಕಬ್ಬು ಕಡಿಸೋರು, ತೋಟಕ್ಕೆ ಆಳು ತರೋರು, ಬಂದ ವಾರದಲ್ಲೇ ಅವರನ್ನ ಊರಿಗೆ ಪರಿಚಯ ಮಾಡಿಸಬೇಕು. ಹೆಸರು, ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೀಬೇಕು. ಅವರ ಕೈಯಲ್ಲೂ ನಮ್ಮೂರ ನಾಲ್ಕು ನಂಬರ್ ಇರಬೇಕು, ರಾತ್ರಿ ಕಷ್ಟ ಬಂದ್ರೆ ಫೋನ್ ಮಾಡೋಕೆ. ಹಳೇ ತಳವಾರನ ಎರಡು ಕೆಲಸ ಹೇಳಿದೆನಲ್ಲ, ಎರಡನೇದು ಇದು. ಈ ವರ್ಷ ಬಂದ ಕ್ಯಾಂಪಿನವರಲ್ಲಿ ಇಬ್ಬರು ನಮ್ಮ ಜೊತೆ ಕಾವಲಿಗೂ ಬರ್ತಿದಾರೆ. ಕಳ್ಳತನ ಆದ್ರೆ ಮೊದಲ ಅನುಮಾನ ತಮ್ಮ ಮೇಲೆ ಅಂತ ಅವರಿಗೆ ಗೊತ್ತು, ಅದಕ್ಕೇ ನಮಗಿಂತ ಚುರುಕಾಗಿ ಕಾಯ್ತಾರೆ.

ಮೊನ್ನೆ ಆ ಹುಡುಗನಿಗೆ ಹೇಳದೇ ಇದ್ದದ್ದನ್ನ ಇಲ್ಲಿ ಬರೆದಿದ್ದೀನಿ. ಮಗಾ, ಆ ಕಲ್ಲಿನವನ ಹಾಗೆ ಆಗಬೇಕು ಅಂತ ನನಗೂ ಆಸೆ ಇತ್ತು. ಹೋದ ವರ್ಷ ನಾನು ಆದದ್ದು ಅವನ ಹಾಗಲ್ಲ. ಅವನು ತನಗಿಂತ ಜಾಸ್ತಿ ಜನ ಇರೋ ಕಡೆ ಹೋಗಿ ನಿಂತ. ನಾವು ಹತ್ತು ಜನ ಸೇರಿ ಒಬ್ಬನ ಮೇಲೆ ಬಿದ್ವಿ. ಆ ರಾತ್ರಿ ನಮ್ಮಲ್ಲಿ ಯಾರಿಗಾದ್ರೂ ಕಲ್ಲು ನಿಲ್ಲಿಸೋದಾದ್ರೆ ನಮ್ಮನೆಯವಳಿಗೆ ನಿಲ್ಲಿಸಬೇಕಿತ್ತು. ಹಾಗಂದಿದ್ದಕ್ಕೆ ಅವಳು, "ಕಲ್ಲು ಬೇಡ, ಕೊಟ್ಟಿಗೆ ಹತ್ತಿರ ಇನ್ನೊಂದು ಲೈಟು ಹಾಕ್ಸಿ, ದಾರಿ ಕಾಣಲಿ" ಅಂದಳು. ಹಾಕಿಸಿದ್ದೀನಿ.

ನಿಮ್ಮ ಹೊಲ ಬದುವಿನಲ್ಲಿ ವೀರಗಲ್ಲು ಇದ್ರೆ ಕಿತ್ತು ಬಚ್ಚಲಿಗೆ, ಕಾಲುವೆಗೆ ಹಾಸುಗಲ್ಲು ಮಾಡಬೇಡಿ. ಜೆಸಿಬಿಯವನಿಗೆ ಮೊದಲೇ ಹೇಳಿಡಿ. ತಪ್ಪಿದ್ರೆ ತಿದ್ದಿ. ಮುಂದಿನ ವಾರ ಕೊಳೆ ರೋಗಕ್ಕೆ ಬೋರ್ಡೋ ಹೊಡೆದ ಲೆಕ್ಕ ಬರೀತೀನಿ.

ಎಲ್ಲರಿಗೂ ಒಳ್ಳೇದಾಗಲಿ.